ದಪ್ಪ ಮೂತಿ, ಗುಂಡು ಮೂತಿ

ಸೆಪ್ಟೆಂಬರ್ 19, ಶುಕ್ರವಾರ

ಇವರಿಗೆ ಡಬ್ಬಿ ಕಟ್ಟಿ ಪಿಲ್ಲಗುಂಪೆ ಫ್ಯಾಕ್ಟರಿಯ ಶಿಫ್ಟಿಗೆ ಕಳಿಸಿ, ಎಂದಿನಂತೆ ಮನೆ ಮುಂದಿನ ಕಾರ್ ಚಾರ್ಜಿಂಗ್ ಮೆಷಿನ್ ಒರೆಸುತ್ತಿದ್ದೆ. ಮೆಷಿನ್ ಕೂರಿಸಿ ತಿಂಗಳಾಯಿತು. ಕಾರು ಬರುವುದಿಲ್ಲ, ಧೂಳು ಮಾತ್ರ ತಪ್ಪದೆ ಬರುತ್ತದೆ.

ಆಗ ಫೋನ್. ವೇಣುಗೋಪಾಲ್! ದೇವನಹಳ್ಳಿಯಿಂದ ಹೊಸಕೋಟೆ ಕಡೆಯ ಫ್ಯಾಕ್ಟರಿಗಳಿಗೆ ಎಂಟು ಎಲೆಕ್ಟ್ರಿಕ್ ಕಾರು ಓಡಿಸುವವರು. ನಲ್ಲೂರಿನಲ್ಲಿ ನಮ್ಮ ಮನೆ ಮುಂದೆಯೇ ಹಾದುಹೋಗುತ್ತವೆ.

"ಐದು ಹೊಸ ಗಾಡಿ, ಮೂರು ಹಳೇವು ಮೇಡಂ. ಹಳೇವಕ್ಕೆ ಈ ರೋಡಲ್ಲಿ ಎಲ್ಲೂ ಗನ್ ಇಲ್ಲ. ನಿಮ್ಮತ್ರ ಇದ್ಯಾ?"

ಗನ್ ಎಂದರೆ ಚಾರ್ಜಿಂಗ್ ಕೇಬಲ್ ತುದಿಯ ಪ್ಲಗ್ಗು, ಅದರಲ್ಲಿ ಎರಡು ಜಾತಿ. ಹೊಸ ಕಾರಿಗೆ ಸಿಸಿಎಸ್-2. ಹಳೆಯದಕ್ಕೆ ಜಿಬಿಟಿ. ಇದರ ಗನ್ ಅದಕ್ಕೆ ಕೂರುವುದೇ ಇಲ್ಲ. ನನ್ನಲ್ಲಿರುವುದು ಸಿಸಿಎಸ್ ಒಂದೇ.

"ಹದಿನೈದು ದಿನ ಕೊಡಿ ಸರ್, ಎರಡೂ ಇರುತ್ತೆ" ಎಂದುಬಿಟ್ಟೆ. ಬಾಯಿ ಮುಂದೆ, ಬುದ್ಧಿ ಹಿಂದೆ. ಅಕ್ಟೋಬರ್ ಮೂರಕ್ಕೆ ಟ್ರಯಲ್. ಬೆಳಗಿನ ಶಿಫ್ಟ್ ಬಿಟ್ಟು ಬಂದ ಎಂಟೂ ಕಾರು ಮಧ್ಯಾಹ್ನ ಒಂದು ಗಂಟೆಯೊಳಗೆ ಚಾರ್ಜ್ ಆಗಿ ಹೊರಡಬೇಕು. ಹಾಗಾದರೆ ಒಂದು ವರ್ಷದ ಒಪ್ಪಂದ!

ಮಾವನಿಗೆ ಹೇಳಿದೆ. ಅವರು ಎಲೆಅಡಿಕೆ ಅಗಿಯುತ್ತಾ, "ದಸರಾ ತನ್ಕ ನೋಡ್ತೀನವ್ವ. ನಾಕನೇ ತಾರೀಕು ಗೊಬ್ಬರದಂಗಡಿಯೋನು ಬತ್ತಾನೆ. ನಿಂದು ಆಗ್ಲಿಲ್ಲಾಂದ್ರೆ ಜಾಗ ಅವ್ನಿಗೆ" ಎಂದರು.

ಸೆಪ್ಟೆಂಬರ್ 25, ಗುರುವಾರ

ಸಿಕ್ಕಿತು! ಬೆಂಗಳೂರಿನ ಒಂದು ಆಫೀಸಿನವರು ಹಳೆ ಕಾರುಗಳನ್ನು ಮಾರಿ, ಅವುಗಳ ಚಾರ್ಜರನ್ನು ಮೆಟ್ಟಿಲ ಕೆಳಗೆ ತಳ್ಳಿಟ್ಟಿದ್ದರು. ಜಿಬಿಟಿ. ಮೈಯೆಲ್ಲ ಜೇಡರ ಬಲೆ, ಒಳಗೆ ಗಟ್ಟಿಮುಟ್ಟು. ಗೂಡ್ಸ್ ಆಟೋದಲ್ಲಿ ನಾನೂ ಅದರ ಪಕ್ಕದಲ್ಲೇ ಕೂತು ಬಂದೆ. ಕೈ ಬಿಡಲು ಮನಸ್ಸೇ ಬರಲಿಲ್ಲ.

ಅಲ್ಲೊಬ್ಬ "ಮೆಷಿನ್ ಯಾಕೆ ಮೇಡಂ, ಅಡಾಪ್ಟರ್ ಸಿಕ್ಸಿ ನಡೆಸಿ" ಎಂದ. ಕೈಗೆ ತಗೊಂಡು ನೋಡಿದೆ. ಸರಿಯಾಗಿ ಲಾಕೇ ಆಗುವುದಿಲ್ಲ. ಅಷ್ಟು ಕರೆಂಟು ಹರಿಯುವಾಗ ಕಳಚಿಕೊಂಡರೆ? ಡಿಪ್ಲೊಮಾ ಓದಿದ್ದು ಇದಕ್ಕಲ್ಲ. ಬೇಡಪ್ಪಾ ಎಂದು ಕೈಮುಗಿದೆ.

ಅತ್ತೆ ಎರಡೂ ಗನ್ನುಗಳನ್ನು ತಿರುಗಿಸಿ ತಿರುಗಿಸಿ ನೋಡಿ ನಾಮಕರಣ ಮಾಡಿದರು. ಸಿಸಿಎಸ್ ದಪ್ಪ ಮೂತಿ. ಜಿಬಿಟಿ ಗುಂಡು ಮೂತಿ. ಮೆಷಿನ್ ಕೂರಿಸಲು ಬಂದ ಇಂಜಿನಿಯರ್ ಕೂಡ ಈಗ ಹಾಗೇ ಕರೆಯುತ್ತಾನೆ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬಾಳೆಕಂದು, ಬೂದುಗುಂಬಳ, ನಿಂಬೆಹಣ್ಣು... ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ಪೂಜೆ ಪೂರ್ತಿ ಅತ್ತೆಯದೇ. ಹೊರಗೆ ಬಂದು ನೋಡಿದರೆ ದಪ್ಪ ಮೂತಿಯ ಮೆಷಿನ್ ಗ್ರಾಮದೇವತೆಯಂತೆ ನಿಂತಿದೆ! ಗುಂಡು ಮೂತಿಗೆ ಮಾತ್ರ ಒಂದೇ ಬೊಟ್ಟು.

"ಯಾಕತ್ತೆ ಹಂಗೆ?"

"ಅದು ಯಾರ್ ಮನೇಲೋ ದುಡ್ದು ಬಂದಿದ್ದು ಕಣೆ. ಹೊಸದಕ್ಕೆ ಅಲ್ವಾ ಮಾಡ್ಬೇಕಾಗಿರೋದು."

ನಕ್ಕು ನಕ್ಕು ಸಾಕಾಯಿತು. ಇನ್ನು ಎರಡೇ ದಿನ.

ಅಕ್ಟೋಬರ್ 3, ಶುಕ್ರವಾರ. ಬೆಳಗ್ಗೆ 8.10

ಮೊದಲನೇ ಹಳೆ ಕಾರು — ಗುಂಡು ಮೂತಿ — ಹಾಕಿದ ತಕ್ಷಣ ಹಸಿರು ಲೈಟು! ಭಯ ಇದ್ದದ್ದು ಇದರ ಬಗ್ಗೆಯೇ. ಕುಣಿಯುವುದೊಂದು ಬಾಕಿ.

ದಪ್ಪ ಮೂತಿ ಕೈಕೊಟ್ಟಿತು. ಡ್ರೈವರ್ ಅಶೋಕ್ ಹೊಸ ಕಾರಿಗೆ ಹಾಕಿದ. ಕೂರುತ್ತದೆ, ಲಾಕ್ ಆಗುತ್ತದೆ, ಹಳದಿ ಲೈಟು ಮಿಣಮಿಣ ಎನ್ನುತ್ತದೆ. ಆಮೇಲೆ ಕೆಂಪು. ಕಮ್ಯುನಿಕೇಷನ್ ಎರರ್. ನಾಲ್ಕು ಸಲ ಹಾಕಿ ತೆಗೆದೆವು.

ವೇಣುಗೋಪಾಲ್ ಗಡಿಯಾರ ನೋಡಿಕೊಂಡರು. "ಗಾಡಿ ಹೊಸ ಮಾಡೆಲ್ಲು ಮೇಡಂ. ನಿಮ್ ಸ್ಟಾಂಡರ್ಡ್ ಬೇರೆ ಇರ್ಬೇಕು."

"ಎರಡೂ ಒಂದೇ ಸರ್" ಎಂದೆ. ಮಾವ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಅಗಿಯುತ್ತಿದ್ದಾರೆ.

9.20

ಬೇರೆ ಕಂಪನಿಯ ಇನ್ನೊಂದು ಹೊಸ ಕಾರಿಗೆ ಹಾಕಿದೆ. ಅದೂ ಕೆಂಪು. ಎರಡು ಬೇರೆ ಕಾರು, ಒಂದೇ ಎರರ್... ಹಾಗಾದರೆ ತಪ್ಪು ಕಾರಿನದಲ್ಲ, ಗನ್ನಿನದು! ಮೊಬೈಲ್ ಟಾರ್ಚ್ ಹಾಕಿ ಮೂತಿಯೊಳಗೆ ಇಣುಕಿದೆ.

ಅರಿಶಿನ.

ಮೇಲಿನ ಸಣ್ಣ ತೂತುಗಳ ತುಂಬಾ ಗಟ್ಟಿಯಾಗಿ ಒಣಗಿ ಕೂತಿದೆ. ಕಾರೂ ಮೆಷಿನ್ನೂ ಮಾತಾಡಿಕೊಳ್ಳುವುದೇ ಅಲ್ಲಿಂದ.

"ಅತ್ತೇ! ಒಳಗೂ ಇಟ್ರಾ?"

"ಒಂದೊಂದು ತೂತಿಗೂ ಇಟ್ಟೆ ಕಣವ್ವ. ಹೊಸ್ಲಿಗೆ ಇಕ್ಕಲ್ವಾ, ಹಂಗೆ. ಕರೆಂಟು ಅಲ್ಲಿಂದ ತಾನೇ ಈಚೆಗ್ ಬರೋದು?"

ಕೂಗಾಡಿಬಿಟ್ಟೆ. ಎಲ್ಲರ ಎದುರಿಗೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದರು. ಛೆ.

ಇಂಜಿನಿಯರಿಗೆ ವಿಡಿಯೋ ಕಾಲ್. ಮೈನ್ ಆಫ್ ಮಾಡಿಸಿ, ನೀರು ಸೋಕಿಸಬೇಡಿ ಎಂದ. ಒಣ ಬ್ರಷ್, ಸ್ಪಿರಿಟ್. ಒಂದೊಂದೇ ತೂತು. ಬೆರಳೆಲ್ಲ ಹಳದಿಯಾಯಿತು. ಒಣಗಿಸಿ, ಅವನಿಗೆ ತೋರಿಸಿ, ಅವನು ಸರಿ ಅಂದಮೇಲೆ ಮೈನ್ ಆನ್. ಅಶೋಕ್ ಗನ್ ಹಾಕಿದ. ಹಳದಿ... ಹಳದಿ... ಹಸಿರು!!

ಮಾವ ಕಟ್ಟೆಯಿಂದ ಎದ್ದೇಬಿಟ್ಟರು. ಐದು ಹೊಸ ಕಾರು, ತಲಾ ನಲವತ್ತು ನಿಮಿಷ. ಲೆಕ್ಕಕ್ಕೆ ಸರಿಹೋಗುತ್ತದೆ, ಇನ್ನೇನೂ ಕೆಡದಿದ್ದರೆ.

12.50

ಎಂಟನೇ ಕಾರು ಹೊರಟಿತು. ಹತ್ತು ನಿಮಿಷ ಮುಂಚೆ! ವೇಣುಗೋಪಾಲ್ ತಮ್ಮ ಕಾರಿನ ಬಾನೆಟ್ ಮೇಲೇ ಕಾಗದ ಹರಡಿದರು. ಒಂದು ಷರತ್ತು ಸೇರಿಸಿದ್ದಾರೆ — ನಾನಿಲ್ಲದಾಗ ಎರಡೂ ಗನ್ ತಿಳಿದ ಇನ್ನೊಬ್ಬರು ಇರಬೇಕು.

"ಹೆಸ್ರು ಹೇಳಿ ಮೇಡಂ. ಯಾರಾದ್ರೂ ಇದ್ದಾರಾ?"

ನಮ್ಮ ಮನೆಯವರಿಗೆ ಶಿಫ್ಟು. ಮಾವ ತಮ್ಮ ಮೀಸೆ ತೀಡಿಕೊಂಡರು, ತಮ್ಮನ್ನು ಕೇಳಲಿ ಎಂದೇ. ನಾನು ಹಿತ್ತಲಿನ ಕಡೆ ನೋಡಿದೆ.

"ಮುನಿತಾಯಮ್ಮ ಅಂತ ಬರ್ಕೊಳಿ ಸರ್. ನಮ್ಮತ್ತೆ. ಗನ್ನೊಳಗೆ ಎಷ್ಟು ತೂತಿದೆ ಅಂತ ಅವರಷ್ಟು ಸರಿಯಾಗಿ ಗೊತ್ತಿರೋರು ಈ ತಾಲ್ಲೂಕಲ್ಲೇ ಇಲ್ಲ."

ಒಂದು ಟ್ರಿಪ್ ಮುಗಿಸಿ ಬಂದಿದ್ದ ಅಶೋಕ್ ಬಿದ್ದು ಬಿದ್ದು ನಕ್ಕ. ವೇಣುಗೋಪಾಲ್ ಬರೆದೇಬಿಟ್ಟರು.

ಅಕ್ಟೋಬರ್ 4, ಶನಿವಾರ

ಬೆಳಗ್ಗೆ ಗೊಬ್ಬರದಂಗಡಿಯವನು ಬಂದ. ಮಾವ ಕಾಫಿ ಕೊಡಿಸಿ, "ನಮ್ ಸೊಸೆ ಯಾಪಾರ ಕುದುರ್ಸ್ಕೊಂಡ್ಳು ಕಣಪ್ಪ. ನೀನು ಬೇರೆ ಕಡೆ ನೋಡ್ಕೋ" ಎಂದು ಕಳಿಸಿದರು. 'ನಮ್ ಸೊಸೆ' ಎಂದರು! ಬರೆದಿಟ್ಟುಕೊಳ್ಳಬೇಕು, ಬರೆದಿಟ್ಟೆ.

ಅತ್ತೆ ಮಾತ್ರ ನಿನ್ನೆಯಿಂದ ಮೆಷಿನ್ ಹತ್ತಿರ ಸುಳಿದಿಲ್ಲ. ಅಡುಗೆಮನೆಗೆ ಹೋಗಿ ಕೈ ಹಿಡಿದುಕೊಂಡೆ. "ತಪ್ಪಾಯ್ತತ್ತೆ, ಹಂಗೆ ಕೂಗ್ಬಾರ್ದಿತ್ತು." ಒಪ್ಪಂದದಲ್ಲಿ ಅವರ ಹೆಸರು ತೋರಿಸಿದೆ.

"ನಂದಾ?" ಎಂದು ಬೆರಳಿಟ್ಟು ಎರಡು ಸಲ ಓದಿದರು. "ಹಾಳು ಮಾಡ್ದೋಳ ಕೈಗೇ ಕೊಡ್ತೀಯೇನೇ?" ಕಣ್ಣಲ್ಲಿ ನೀರು. ನನಗೂ ಬಂತು.

ಸಣ್ಣ ತೂತುಗಳ ಕೆಲಸ ವಿವರಿಸಿದೆ. ಎಷ್ಟು ಬೇಕು ಅಂತ ಕಾರು ಹೇಳುತ್ತದೆ, ಎಷ್ಟು ಕೊಡಬಲ್ಲೆ ಅಂತ ಮೆಷಿನ್ ಹೇಳುತ್ತದೆ, ಆಮೇಲೇ ಕರೆಂಟು. "ಬಡಿಸೋಕ್ ಮುಂಚೆ ಕೇಳಲ್ವಾ, ಹಂಗೆ ಅನ್ನು" ಎಂದರು. ಸಿಸಿಎಸ್ ಬಗ್ಗೆ ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಹನ್ನೆರಡು ಪುಟ ಇದೆ.

ಈಗ 11.30. ಅಶೋಕನ ಕಾರು ಬಂದಿದೆ. ನಾನು ಬೇಕೆಂದೇ ಏಳದೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣುತ್ತಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡರು. ಗನ್ ಎತ್ತಿದರು. ಹೇಳಿಕೊಡದೇನೇ ಟಾರ್ಚ್ ಹಾಕಿ ಒಳಗೆ ನೋಡಿದರು. ಅಶೋಕ್ ಸಹಾಯಕ್ಕೆ ಬಂದರೆ, "ನೀನ್ ಸುಮ್ಕೆ ನಿಂತ್ಕೊಳ್ಳಪ್ಪ" ಎಂದು ಗದರಿದರು. ಹಾಕಿದರು. ಲಾಕ್ ಆಯಿತು, ಇಲ್ಲಿಗೇ ಕೇಳಿಸಿತು. ಹಳದಿ... ಇನ್ನೂ ಹಳದಿ... ಅತ್ತೆ ಉಸಿರೇ ಬಿಡುತ್ತಿಲ್ಲ, ನಾನೂ ಬಿಡುತ್ತಿಲ್ಲ. ಹಳ — ಹಸಿರು! ಅತ್ತೆ ನನ್ನನ್ನೇ ಕೂಗುತ್ತಾ ಓಡಿ ಬರುತ್ತಿದ್ದಾರೆ. ಬರೆದದ್ದು ಸಾಕು, ಎದ್ದೆ.