ಸೀಸೆಯಲ್ಲಿ ಉಳಿದ ಔಷಧಿ

ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೈಕಮ್ಮನಿಗೆ,

ನಿನ್ನ ಎರಡು ಕಾಗದ ಬಂದು ನನ್ನ ಮೇಜಿನ ಮೇಲೆ ಮುಖ ಊದಿಸಿಕೊಂಡು ಕೂತಿವೆ. ಎರಡನೆಯದರಲ್ಲಿ "ಇದ್ದೀಯೋ ಹೋದೆಯೋ, ಒಂದು ಸಾಲು ಬರಿ" ಅಂತ ಬೈದಿದ್ದೀಯಲ್ಲ, ಇದ್ದೀನಿ ಮಾರಾಯ್ತಿ. ತಡವಾಗಿದ್ದಕ್ಕೆ ಕೋಪ ಬೇಡ. ಮನೆಯಲ್ಲಿ ತಿಂಗಳಿಂದ ಗಂಟಲು ಬಿಟ್ಟರೆ ಬೇರೆ ಮಾತೇ ಇಲ್ಲ. ನನ್ನ ಗಂಟಲಲ್ಲ, ಅದು ರೈಲಿನಲ್ಲಿ "ಟಿಕೆಟ್, ಟಿಕೆಟ್" ಅಂತ ಕೂಗಾಡಿ ಯಾವತ್ತೋ ಗಟ್ಟಿಯಾಗಿದೆ. ಮೊಮ್ಮಗಳು ಪಿಟೀಲಿನದು. ಹುಟ್ಟಿದಾಗಿನಿಂದ ಒಂದೇ ರಾಗದಲ್ಲಿ ಅಳ್ತಾಳೆ ಅಂತ ನಾನೇ ಆ ಹೆಸರಿಟ್ಟಿದ್ದು ನಿನಗೆ ಗೊತ್ತು. ಈಗ ಅವಳಿಗೆ ಐದು ತುಂಬಿದೆ, ರಾಗ ಮಾತ್ರ ಬದಲಾಗಿಲ್ಲ. ನಿನ್ನ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೋ ಅಂದರೆ ಹಚ್ಚಿಕೊಳ್ಳುವವಳಲ್ಲ ನೀನು, ಹೇಳಿ ಪ್ರಯೋಜನ ಇಲ್ಲ.

ಮೊದಲಿಂದ ಹೇಳ್ತೀನಿ ಕೇಳು. ಕಳೆದ ತಿಂಗಳು ಒಂದು ಮಧ್ಯಾಹ್ನ ಪಿಟೀಲು ಶಾಲೆಯಿಂದ ಬಂದವಳೇ ಚೀಲ ಬಾಗಿಲಲ್ಲಿ ಬಿಸಾಕಿ, "ಅಜ್ಜಿ, ಎಂಜಲು ನುಂಗಿದರೂ ನೋಯುತ್ತೆ" ಅಂದಳು. ಸ್ವಲ್ಪ ಹೊತ್ತಿಗೆ ಹೊಟ್ಟೆನೋವು ಅಂದಳು. ಮಾರನೇ ದಿನ ಶಾಲೆಯಲ್ಲಿ ಎಲ್ಲರ ಎದುರು ನಿಂತು ಪದ್ಯ ಹೇಳಬೇಕಿತ್ತು, ಅದು ಬಾಯಿಪಾಠ ಆಗಿರಲಿಲ್ಲ. ನನಗೆ ಅನುಮಾನ ಬರದೆ ಇರುತ್ತಾ? ಹೊಟ್ಟೆನೋವು ಅಂತ ರೈಲಿನ ಶೌಚಾಲಯದಲ್ಲಿ ಅಡಗಿ ಕೂತ ಎಷ್ಟು ಜನರನ್ನ ನಾನು ಹೊರಗೆ ಕರೆದು ದಂಡ ಹಾಕಿಲ್ಲ. "ನಾಟಕ ಸಾಕು, ಎದ್ದು ಪದ್ಯ ಹೇಳು" ಅಂದೆ. ಅಷ್ಟರಲ್ಲಿ ವಾಂತಿ ಮಾಡಿಕೊಂಡಳು. ಹಣೆ ಮುಟ್ಟಿದರೆ ಕಾದ ಕಾವಲಿ.

ಸೊಸೆ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡ್ತಾಳಲ್ಲ, ಮಧ್ಯಾಹ್ನ ಹೋದರೆ ರಾತ್ರಿ ಊಟದ ಹೊತ್ತು ಮೀರಿ ಬರ್ತಾಳೆ. ಅವತ್ತು ಫೋನ್ ಮಾಡಿದ ಕೂಡಲೇ ಓಡಿ ಬಂದಳು. ಟಾರ್ಚ್ ಹಿಡಿದು ಮಗುವಿನ ಬಾಯಿ ನೋಡಿದಳು. ಒಳಗೆಲ್ಲ ಕೆಂಪು, ಅಲ್ಲಲ್ಲಿ ಬಿಳಿ ಚುಕ್ಕೆ. ದವಡೆಯ ಕೆಳಗೆ ಎರಡೂ ಕಡೆ ಗಂಟು. "ಕೆಮ್ಮಿಲ್ಲ, ಮೂಗು ಸೋರ್ತಿಲ್ಲ. ಇದು ಬರೀ ಶೀತ ಅಲ್ಲ ಅತ್ತೆ, ಈಗಲೇ ಡಾಕ್ಟರ ಹತ್ತಿರ ಹೋಗೋಣ" ಅಂದಳು. ಕೆಲಸ ತಪ್ಪಿಸೋಕೆ ಒಂದು ನೆಪ ಸಿಕ್ತು ಇವಳಿಗೆ ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ. ಬೈಬೇಡ, ನನ್ನ ಬುದ್ಧಿ ನಿನಗೆ ಹೊಸದಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವಳು, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಮೇಜೆಲ್ಲ ಹುಡುಕುವ ಪೈಕಿ. ಹತ್ತಿ ಸುತ್ತಿದ ಕಡ್ಡಿಯನ್ನು ಮಗುವಿನ ಗಂಟಲಿಗೆ ಹಾಕಿ ಒರೆಸಿ ತೆಗೆದು, ನಾವು ಕೂತಿದ್ದ ಹಾಗೇ ಪರೀಕ್ಷೆ ಮಾಡಿ, "ಸ್ಟ್ರೆಪ್" ಅಂದಳು. ಅದೊಂದು ಬ್ಯಾಕ್ಟೀರಿಯಾ ಅಂತೆ, ಈ ವಯಸ್ಸಿನ ಮಕ್ಕಳ ಗಂಟಲು ಅದಕ್ಕೆ ಅಚ್ಚುಮೆಚ್ಚಂತೆ. ಹತ್ತು ದಿನ ಆ್ಯಂಟಿಬಯಾಟಿಕ್, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. "ಎರಡು ದಿನಕ್ಕೆ ಮಗು ಕುಣಿಯೋಕೆ ಶುರು ಮಾಡ್ತಾಳೆ. ಆಗಲೂ ನಿಲ್ಲಿಸಬಾರದು" ಅಂತ ಎರಡೆರಡು ಸಲ ಹೇಳಿದಳು. ನಾವೇನು ಕಿವುಡರಾ ಅನ್ನಿಸಿತು ನನಗೆ.

ಅವತ್ತಿನಿಂದ ಸೊಸೆ ಮನೆಗೆ ಕಾನೂನು ತಂದಳು. ಮಗುವಿನ ಲೋಟ ಬೇರೆ, ಚಮಚ ಬೇರೆ, ಟವೆಲ್ ಬೇರೆ. ಅವಳು ಅರ್ಧ ತಿಂದು ಬಿಟ್ಟಿದ್ದನ್ನು ಯಾರೂ ಬಾಯಿಗೆ ಹಾಕಬಾರದು. ಸೀನಿದರೆ ಮೊಣಕೈಗೆ ಸೀನಬೇಕು. ಹೊರಗಿಂದ ಬಂದವರು ಸೋಪು ಹಾಕಿ ಕೈ ತೊಳೆದೇ ಮಗುವಿನ ಹತ್ತಿರ ಹೋಗಬೇಕು. ಸದ್ಯಕ್ಕೆ ಮುತ್ತು ಬಂದ್. ಇದನ್ನೆಲ್ಲ ಹೇಳುವಾಗ ಅವಳು ಯಾರ ಕಡೆ ನೋಡ್ತಿದ್ದಳು ಹೇಳು? ನನ್ನ ಕಡೆ. ಆ ಮಗು ಕಚ್ಚಿ ಬಿಟ್ಟ ಬಿಸ್ಕತ್ತು, ಕುಡಿದು ಬಿಟ್ಟ ಹಾಲು ಎಲ್ಲ ಇಷ್ಟು ವರ್ಷ ಯಾರ ಹೊಟ್ಟೆಗೆ ಹೋಗಿದೆ? ಈಗ ಎಂಜಲು ಅಂತೆ. ಇವತ್ತು ಲೋಟ ಬೇರೆ ಮಾಡಿದವಳು ನಾಳೆ ಒಲೆ ಬೇರೆ ಮಾಡ್ತಾಳೆ, ಆಮೇಲೆ ನನ್ನ ಹಾಸಿಗೆ ಎತ್ತಿ ಆಚೆ ಇಡ್ತಾಳೆ ಅಂತ ನನಗೆ ಖಾತ್ರಿಯಾಯ್ತು.

ಮಗನಿಗೆ ಹೇಳಿದೆ. ಅವನು ಗೊತ್ತಲ್ಲ, ಬಾಯಲ್ಲಿ ಬೆರಳಿಟ್ಟರೆ ಕಚ್ಚೋಕೂ ಬರದವನು. ಇಡೀ ದಿನ ದೊಡ್ಡ ಕಟ್ಟಡಗಳ ಲಿಫ್ಟ್ ಗುಂಡಿಯಲ್ಲಿ ಇಳಿದು ಹಗ್ಗ, ಚಕ್ರ ರಿಪೇರಿ ಮಾಡಿ ಸಂಜೆ ಮೈಯೆಲ್ಲ ಗ್ರೀಸು ಮಾಡಿಕೊಂಡು ಬರ್ತಾನೆ. "ಅಮ್ಮ, ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ" ಅಂತ ನಕ್ಕ. ನನ್ನ ಹೊಟ್ಟೆ ತಣ್ಣಗಾಯ್ತು. ಈ ಮನೆಯಲ್ಲಿ ನಾನು ಟಿಕೆಟ್ ಕೇಳದೆ ಬಿಟ್ಟಿರೋನು ಅವನೊಬ್ಬನೇ.

ಡಾಕ್ಟರು ಹೇಳಿದ ಹಾಗೇ ಆಯ್ತು. ಜ್ವರ ಬಿಟ್ಟಿತು, ಪಿಟೀಲು ಸೋಫಾದಿಂದ ಸೋಫಾಕ್ಕೆ ಹಾರೋಕೆ ಶುರು ಮಾಡಿದಳು. ಔಷಧಿ ಎಂದರೆ ಮಾತ್ರ ರಂಪ. ಬೆಳಿಗ್ಗೆ ಸೊಸೆ ಮಡಿಲಲ್ಲಿ ಹಾಕಿಕೊಂಡು, ಕಥೆ ಹೇಳಿ, ಗದರಿಸಿ ಹೇಗೋ ಇಳಿಸ್ತಿದ್ದಳು. ರಾತ್ರಿ ಹೊತ್ತು ಅವಳು ಕೆಲಸದಲ್ಲಿ ಇರ್ತಾಳೆ, ಮನೆಯಲ್ಲಿದ್ದವರು ಕುಡಿಸಬೇಕು.

ಔಷಧಿಯ ಹತ್ತು ದಿನ ಮುಗಿದ ಮೇಲೆ ಬೀಗಿತ್ತಿ ಬಂದಳು. ಬಂದವಳೇ ಕೆಮ್ಮು, ಮೂಗು ಸೊರಸೊರ, ಅದೇ ಕರ್ಚೀಫಿನಲ್ಲಿ ಮಗುವಿನ ಬಾಯಿನೂ ಒರೆಸಿದಳು. ಸೊಸೆ ತನ್ನ ತಾಯಿಗೆ ಕಾನೂನು ಓದಲಿಲ್ಲ, ನೋಡು. ನಾನು ಸುಮ್ಮನೆ ಗಮನಿಸ್ತಾ ಕೂತೆ. ಅವಳು ಹೋದ ಮೇಲೆ ಫ್ರಿಜ್ ಒರೆಸೋಕೆ ಅಂತ ಎಲ್ಲ ಹೊರಗೆ ತೆಗೆದರೆ, ಹಿಂದೆ ಮೂಲೆಯಲ್ಲಿ ಔಷಧಿಯ ಸೀಸೆ. ಖಾಲಿ ಆಗಿರಬೇಕಿತ್ತು ಅದು. ಹತ್ತಿರ ಹತ್ತಿರ ಅರ್ಧ ತುಂಬಿತ್ತು.

ಸೊಸೆಯನ್ನ ಕೇಳಿದೆ. "ಅಂಗಡಿಯವರು ಹೆಚ್ಚು ಕೊಟ್ಟಿರಬೇಕು ಅಂದ್ಕೊಂಡೆ" ಅಂದಳು. ಔಷಧಿ ಅಂಗಡಿಯವನು ಹೆಚ್ಚು ಕೊಡ್ತಾನಾ? ಇವಳು ಮುಂದಿನ ಸಲಕ್ಕೆ ಇರಲಿ ಅಂತ ಉಳಿಸಿದ್ದಾಳೆ ಅಂತ ನನ್ನ ಲೆಕ್ಕ. ಹೋಟೆಲಿನಿಂದ ಉಳಿದ ಸೋಪು ತಂದು ಕೂಡಿಡುವವಳು ಔಷಧಿ ಕೂಡಿಡಲ್ವಾ? ಮಗನಿಗೆ ಸೀಸೆ ತೋರಿಸಿದೆ. "ಬಿಡಮ್ಮ, ಮಗು ಹುಷಾರಾಗಿದ್ದಾಳಲ್ಲ, ದೊಡ್ಡದು ಮಾಡಬೇಡ" ಅಂದ. ಹೆಂಡತಿಯ ತಪ್ಪು ಮುಚ್ಚುತ್ತಿದ್ದಾನೆ, ಪಾಪದವನು ಅಂದುಕೊಂಡೆ. ಸೀಸೆಯನ್ನ ಎಸೆಯಲಿಲ್ಲ, ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ.

ಅದಾಗಿ ವಾರ ತುಂಬಿರಲಿಲ್ಲ, ಮತ್ತೆ ಜ್ವರ. ಮತ್ತೆ ಗಂಟಲು. ಈ ಸಲ ಮಂಡಿ ನೋವು ಅಂತ ಅಳೋಕೆ ಶುರು ಮಾಡಿದಳು, ಮಾರನೇ ದಿನ ಇನ್ನೊಂದು ಮಂಡಿ. ನಾಟಕ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಮಗ ಎತ್ತಿಕೊಂಡು ಮೆಟ್ಟಿಲಿಳಿದ, ನಾವಿಬ್ಬರು ಹಿಂದೆ ಓಡಿದೆವು.

ಡಾಕ್ಟರು ಗಂಟಲು ನೋಡಿದಳು, ಕಡ್ಡಿ ಹಾಕಿದಳು, ಅದೇ ಸ್ಟ್ರೆಪ್. ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟವಳು ಬಹಳ ಹೊತ್ತು ತೆಗೆಯಲೇ ಇಲ್ಲ. ನಾನು ತಡೆಯಲಾರದೆ ಬೀಗಿತ್ತಿಯ ಕೆಮ್ಮಿನ ವಿಷಯ ಹೇಳಿದೆ. "ಕೆಮ್ಮು, ನೆಗಡಿ ಸಾಮಾನ್ಯವಾಗಿ ಬೇರೆ ವೈರಸ್ಸಿನ ಕೆಲಸ, ಅವರ ಮೇಲೆ ಹಾಕಬೇಡಿ" ಅಂದಳು. ನಂತರ, "ಹೋದ ಸಲದ ಔಷಧಿ ಪೂರ್ತಿ ಕುಡಿಸಿದ್ರಾ?" ಅಂತ ಕೇಳಿದಳು. ನಾನು ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಸಿಕ್ಕಿಬಿದ್ದೆ ಬಾ ಮಗಳೇ ಅಂತ ಸೊಸೆಯ ಮುಖ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ವಿಚಾರಣೆ ಅಲ್ಲೇ ಮುಗೀತು. ರಾತ್ರಿಯ ಔಷಧಿ ಬಹಳ ದಿನ ಕುಡಿಸಿಲ್ಲ, ಅಜ್ಜಿಗೆ ಮರೆತುಹೋಗಿದೆ, ವಯಸ್ಸಾಯ್ತಲ್ಲ ಅಂತ ತೀರ್ಮಾನವಾಯ್ತು. ಆ ವಿಷಯ ಅಷ್ಟಕ್ಕೆ ಬಿಡು.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಜ್ವರ ಬಿಟ್ಟರೆ ರೋಗ ಬಿಟ್ಟ ಹಾಗಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದು ಮತ್ತೆ ತಲೆ ಎತ್ತಬಹುದು, ಅಪರೂಪಕ್ಕೆ ಕೀಲು ಹಿಡಿದು ಹೃದಯದ ಕವಾಟದ ತನಕ ಹೋಗುತ್ತೆ ಅಂದಳು. "ಮಂಡಿ ನೋವು ಅಂತಿದ್ದಾಳೆ, ಎದೆಯಲ್ಲಿ ಒಂದು ಶಬ್ದ ಕೇಳಿದ ಹಾಗಿದೆ. ಏನೂ ಇರಲಿಕ್ಕಿಲ್ಲ, ಆದರೆ ಸ್ಕ್ಯಾನ್ ಮಾಡಿಸಲೇಬೇಕು." ಏನೂ ಇರಲಿಕ್ಕಿಲ್ಲ ಅನ್ನುವವರು ಸ್ಕ್ಯಾನ್ ಯಾಕೆ ಬರೀತಾರೆ?

ಸ್ಕ್ಯಾನ್ ಕೋಣೆಯ ಹೊರಗೆ ಕುರ್ಚಿಗಳ ಸಾಲು, ಗೋಡೆಗೆಲ್ಲ ಕಾರ್ಟೂನ್ ಮೀನುಗಳು. ಒಳಗೆ ಸೊಸೆ ಮಾತ್ರ ಹೋದಳು. ಮಗ ಒಂದು ತುದಿಗೆ ಕೂತ, ನಾನು ಇನ್ನೊಂದು ತುದಿಗೆ. ಒಳಗಿಂದ ಪಿಟೀಲು ಅದೇ ರಾಗದಲ್ಲಿ ಅಳ್ತಿದ್ದಳು. ಈ ರಾಗ ನಿಲ್ಲದೆ ಇರಲಿ ಅಂತ ಬೇಡಿಕೊಂಡೆ. ನನಗೆ ಏನಾದರೂ ಆಗಲಿ, ಇವಳ ಎದೆಗೆ ಏನೂ ಆಗದೆ ಇರಲಿ ಅಂತ. ಬಾಗಿಲು ತೆಗೆದು ಹೊರಗೆ ಬಂದ ಸೊಸೆ ಏನೂ ಇಲ್ಲ ಅಂತ ತಲೆ ಆಡಿಸಿದಳು. ಹೃದಯ ಚೆನ್ನಾಗಿದೆ. ಮಂಡಿ ನೋವು ಜ್ವರದ್ದೇ ಇರಬೇಕು, ಆದರೂ ಕಣ್ಣಿಟ್ಟಿರಿ ಅಂದರಂತೆ. ನಾನು ಸೊಸೆಯ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಈಗ ಮಗು ಗುಂಡುಕಲ್ಲು. ಸೊಸೆ ಪಾಳಿ ಬದಲಾಯಿಸಿಕೊಂಡು ಎರಡು ಹೊತ್ತೂ ತಾನೇ ಔಷಧಿ ಕುಡಿಸಿ ಮುಗಿಸಿದಳು, ಸೀಸೆ ತೊಳೆದು ಬೋರಲು ಹಾಕಿದ್ದಾಳೆ. ಶಾಲೆ ಬಿಟ್ಟ ಮೇಲೆ ಪಿಟೀಲು ನನ್ನ ಹತ್ತಿರ ಬರಲ್ಲ, ಕೆಳಗಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ ಹತ್ತಿರ ಇರ್ತಾಳೆ. "ನಿಮಗೂ ವಿಶ್ರಾಂತಿ ಬೇಕು ಅತ್ತೆ" ಅಂದಳು. ವಿಶ್ರಾಂತಿ ತಗೊಳ್ತಿದ್ದೀನಿ.

ನಿನ್ನ ಮಗಳಿಗೆ ಈ ಕಾಗದ ಓದಿ ಹೇಳು, ಅವಳಿಗೂ ಎರಡು ಚಿಕ್ಕವಿದ್ದಾವಲ್ಲ. ಇದ್ದಕ್ಕಿದ್ದ ಹಾಗೆ ಗಂಟಲು ನೋವು, ಜ್ವರ, ಹೊಟ್ಟೆನೋವು, ಆದರೆ ಕೆಮ್ಮು ನೆಗಡಿ ಇಲ್ಲ ಅಂದರೆ ಮನೆಮದ್ದು ಅಂತ ಕಾಯೋದು ಬೇಡ. ಮೈ ಮೇಲೆ ಉಪ್ಪುಕಾಗದದ ಹಾಗೆ ಒರಟು ಗುಳ್ಳೆ ಎದ್ದರೂ ಅಷ್ಟೇ. ಔಷಧಿ ಶುರುವಾಗಿ ಒಂದು ದಿನ ಕಳೆದು ಜ್ವರ ಬಿಡುವ ತನಕ ಶಾಲೆಗೆ ಕಳಿಸಬಾರದು. ಲೋಟ ಬೇರೆ ಮಾಡಿದರೆ ನೀನು ನನ್ನ ಹಾಗೆ ಮುನಿಸಿಕೊಳ್ಳಬೇಡ. ಆ ಮಕ್ಕಳು ನೂರು ವರ್ಷ ಬಾಳಲಿ, ನಿನ್ನ ತಲೆ ತಿನ್ನುತ್ತಾ ಬಾಳಲಿ. ಮಗಳು ಅಳಿಯನಿಗೆ ನನ್ನ ಆಶೀರ್ವಾದ. ನಿನಗೆ ಆಶೀರ್ವಾದ ಮಾಡುವಷ್ಟು ನಾನು ದೊಡ್ಡವಳಲ್ಲ, ಎರಡೇ ತಿಂಗಳು ದೊಡ್ಡವಳು, ಆದರೂ ಮಾಡಿದ್ದೀನಿ.

ಇತಿ ನಿನ್ನ,
ಹದ್ದುಗಣ್ಣಿ

ತಾ.ಕ.: ಇದನ್ನ ಮಗಳಿಗೆ ಓದಬೇಡ. ಮೇಲೆ ಬರೆಯೋಕೆ ಕೈ ಬರಲಿಲ್ಲ. ರಾತ್ರಿಯ ಔಷಧಿ ಒಂದು ದಿನವೂ ನನ್ನ ಪಾಲಿಗಿರಲಿಲ್ಲ ಕಣೇ. ಅದು ಮಗನ ಪಾಲು. ನಾನು ಸೀಸೆ ಕುಕ್ಕಿದಾಗ ಸೊಸೆ ಅವನ ಕಡೆ ತಿರುಗಿ "ರಾತ್ರಿದು?" ಅಂದಳು. ಅವನು, "ನಾನು ಬರೋದು ತಡ ಆಗುತ್ತೆ ಅಂತ ಅಮ್ಮನಿಗೆ ವಹಿಸಿದ್ದೆ. ಮರೆತಿರ್ತಾರೆ, ವಯಸ್ಸಾಗಿದೆ" ಅಂದ. ಸುಳ್ಳು ಹೇಳಿದವರು ಒಂದು ಸಲ ಎದುರಿನವರ ಮುಖ ನೋಡೇ ನೋಡ್ತಾರೆ. ಇವನು ನನ್ನ ಕಡೆ ತಿರುಗಲೂ ಇಲ್ಲ. ಅಮ್ಮ ಬಾಯಿ ಬಿಡಲ್ಲ ಅಂತ ಅಷ್ಟು ನಂಬಿಕೆ ಅವನಿಗೆ. ನಾನು ಬಿಡಲೂ ಇಲ್ಲ, "ಹೌದು, ಮರೆತೆ" ಅಂದೆ. ಆಮೇಲೆ ಮೆಟ್ಟಿಲ ಹತ್ತಿರ, "ಉಗುಳ್ತಿದ್ದಳು, ಅಳ್ತಿದ್ದಳು, ಜ್ವರ ಬಿಟ್ಟಿತ್ತಲ್ಲ ಅಂತ ಬಿಟ್ಟೆ ಅಮ್ಮ. ಅವಳಿಗೆ ಗೊತ್ತಾದರೆ ಮಗು ಕರ್ಕೊಂಡು ತವರಿಗೆ ಹೋಗಿಬಿಡ್ತಾಳೆ" ಅಂದ. ಅಷ್ಟೇ ಅವನು ಹೇಳಿದ್ದು.

ನಿನ್ನೆ ಪಿಟೀಲು ಬಂದು ನನ್ನ ತೊಡೆಗೆ ಒರಗಿ ನಿಂತು, "ಅಜ್ಜಿ, ನಿನಗೆ ಎಲ್ಲ ಮರೆತುಹೋಗುತ್ತಂತೆ. ನಾನು ಯಾರು ಅಂತ ನೆನಪಿದೆಯಾ?" ಅಂತ ಕೇಳಿದಳು. ತಮಾಷೆಗಲ್ಲ, ನಿಜವಾಗಿ ಹೆದರಿದ್ದಳು. ಅವಳಪ್ಪ ಅಲ್ಲೇ ಬಾಗಿಲ ಹತ್ತಿರ ಕೂತು ಶೂಗೆ ಪಾಲಿಶ್ ಹಾಕ್ತಿದ್ದ. ಅವನು ತಲೆ ಎತ್ತುತ್ತಾನೇನೋ ಅಂತ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ, "ನೆನಪಿದೆ ಕಂದಾ" ಅಂದೆ.