ರಾಯಚೂರಿನವರ ಸರಾಸರಿ

ಅಮೀರ್‌ಪೇಟ್, ಹೈದರಾಬಾದ್
೧೪ ಆಗಸ್ಟ್ ೨೦೦೫

ತೀರ್ಥರೂಪ ಅಪ್ಪನಿಗೆ ಚಿತ್ರಾಳ ನಮಸ್ಕಾರ.

ನಿಮ್ಮ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೈದುಕೊಳ್ಳಬೇಡಿ. ಅಮ್ಮನ ಮಂಡಿನೋವು ಹೇಗಿದೆ? ಹಾಸ್ಟೆಲಿನ ಗೋಂಗೂರ ಸೊಪ್ಪಿನ ಹುಳಿ ಪಚ್ಚಡಿ ನನಗೀಗ ಒಗ್ಗಿಹೋಗಿದೆ ಎಂದು ಅವಳಿಗೆ ಹೇಳಿ. ಮಲ್ಲುವನ್ನು ಮದುವೆಯಾಗುವ ಯೋಚನೆ ಬಿಟ್ಟೆಯಾ ಎಂದು ಕೇಳಿದ್ದೀರಿ. ಬಿಟ್ಟಿಲ್ಲ. ಸಿಟ್ಟಾಗುವ ಮೊದಲು ನಮ್ಮ ಆಫೀಸಿನಲ್ಲಿ ನಡೆದದ್ದನ್ನು ಓದಿ.

ಮ್ಯಾನೇಜರ್ ಗಗನ ಒಂದು ಗ್ರಾಫ್ ಮಾಡಿ ತಂದರು. ಯಾವ ಟೀಮಿನಲ್ಲಿ ರಾಯಚೂರು, ಗುಲ್ಬರ್ಗದ ಕಡೆಯವರು ಹೆಚ್ಚೋ ಆ ಟೀಮು ಬರೆದ ಪ್ರೋಗ್ರಾಂಗಳಲ್ಲಿ ಸರಾಸರಿ ತಪ್ಪುಗಳೂ ಹೆಚ್ಚು. "ಗೆರೆ ಹೆಂಗೆ ನೆಟ್ಟಗೆ ಏರ್ತಿದೆ ನೋಡ್ರೀ ಚಿತ್ರಾ. ಇನ್ಮೇಲೆ ಆ ಕಡೆಯವರನ್ನ ತಗೊಳ್ಳೋದೇ ಬೇಡ" ಎಂದರು. ಎದುರಿಗೇ ಮಲ್ಲು ಕೂತಿದ್ದ, ರಾಯಚೂರಿನವನು. ಮುಖ ಸಣ್ಣದಾಯಿತು. "ನಾ ಮಾಡಿದ ತಪ್ಪು ನಾ ಒಪ್ಕೋತೀನ್ರಿ ಸರ್. ಮಂದಿ ಮಾಡಿದ್ದಕ್ಕೂ ನಮ್ಮೂರ ಹೆಸರು ಯಾಕ್ರಿ?" ಎಂದ.

ನನಗೆ ಮೈಯೆಲ್ಲ ಉರಿಯಿತು. ಟೀಮಿನ ಲೆಕ್ಕ ಬದಿಗಿಟ್ಟು ಒಬ್ಬೊಬ್ಬರ ತಪ್ಪನ್ನೂ ಬೇರೆಬೇರೆ ತೆಗೆದೆ. ನೋಡಿದರೆ, ಪ್ರತಿ ಟೀಮಿನೊಳಗೂ ಆ ಕಡೆಯವರ ತಪ್ಪು ಉಳಿದವರಿಗಿಂತ ಕಡಿಮೆಯೇ! ಯಾರಿಗೂ ಬೇಡವಾದ ಹಳೇ ಸಾಫ್ಟ್‌ವೇರ್ ರಿಪೇರಿಗೆ ಇವರನ್ನೇ ಹಾಕುತ್ತಾರೆ, ಏಕೆಂದರೆ ಇವರು ತಕರಾರು ಮಾಡುವುದಿಲ್ಲ. ಆ ಕೆಲಸದಲ್ಲಿ ಎಲ್ಲರೂ ಎಡವುತ್ತಾರೆ, ಅದಕ್ಕೇ ಆ ಟೀಮುಗಳ ಸರಾಸರಿ ಏರಿದ್ದು. ಹೆಚ್ಚು ಎಡವಿದವರು ನಮ್ಮ ಮೈಸೂರು, ಬೆಂಗಳೂರಿನವರೇ.

ಗಗನ ನನ್ನ ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು. ಗ್ರಾಫ್ ವಾಪಸಾಯಿತು, ಹೊಸಬರ ಇಂಟರ್‌ವ್ಯೂಗೆ ರಾಯಚೂರಿಗೂ ಹೋಗುವುದೆಂದಾಯಿತು. ಸಂಖ್ಯಾಶಾಸ್ತ್ರದ ಮೇಷ್ಟರ ಮಗಳು ಸುಮ್ಮನೆ ಬಿಡುತ್ತಾಳೆಯೇ? ಗುಂಪಿನ ಸರಾಸರಿ ಹಿಡಿದು ಒಬ್ಬ ಮನುಷ್ಯನನ್ನು ಅಳೆಯಬಾರದೆಂದು ನನಗೆ ಹೇಳಿಕೊಟ್ಟವರು ನೀವೇ ಅಪ್ಪ.

ನವೆಂಬರಿನಲ್ಲಿ ಇಲ್ಲೇ ರಿಜಿಸ್ಟರ್ ಮದುವೆ. ನೀವಿಬ್ಬರೂ ಬಂದು ಅಕ್ಷತೆ ಹಾಕಬೇಕು. ಬಂದೇ ಬರುತ್ತೀರಿ ಎಂದು ಮಲ್ಲುವಿಗೆ ಹೇಳಿಬಿಟ್ಟಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಆಶೀರ್ವಾದ ಬೇಡುವ ಮಗಳು,
ಚಿತ್ರಾ

ತಾ.ಕ.: ಮಲ್ಲು ನಮ್ಮ ಮನೆಗೆ ಬಂದ ದಿನ ನೀವು ಊರು ಯಾವುದೆಂದು ಕೇಳಿದಿರಿ, ರಾಯಚೂರು ಎಂದದ್ದೇ ಎದ್ದು ಒಳಗೆ ಹೋದಿರಿ. ಅಮ್ಮ ತಂದಿಟ್ಟ ಕಾಫಿಯನ್ನು ಅವನು ತಲೆ ತಗ್ಗಿಸಿ ಕುಡಿದ. ವಾಪಸು ಬರುವಾಗ ಬಸ್ಸಿನಲ್ಲಿ, "ನಿಮ್ಮಪ್ಪಾರು ನನ್ನ ಹೆಸರು ಸೈತ ಕೇಳಲಿಲ್ಲ ನೋಡು" ಎಂದ. ನನಗೆ ಅಳು ಬಂತು. ಅವನ ಪೂರ್ತಿ ಹೆಸರು ಮಲ್ಲಿಕಾರ್ಜುನ, ಅಪ್ಪ.