ಅವಳು ನಕ್ಕಿದ್ದು ಆ ಹುಡುಗಿಯನ್ನು ನೋಡಿ ಅಲ್ಲ

ಟಿವಿ ವಾಹಿನಿಯ ಮನರಂಜನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಹಾಗಾದರೆ ನಿನ್ನೆ ಎಲ್ಲಿಗೆ ನಿಂತಿತ್ತು ನಮ್ಮ ಮಾತು? "ಜನಕ್ಕೆ ಇದೇ ಇಷ್ಟ ಸರ್, ಆ ಎಪಿಸೋಡಿಗೆ ರೇಟಿಂಗ್ ಜಾಸ್ತಿ" ಎಂದು ನಿಮ್ಮ ಕಚೇರಿಯ ಹೆಣ್ಣುಮಗಳು ಫೋನ್ ಇಟ್ಟುಬಿಟ್ಟಲ್ಲಿಗೆ. ಉಳಿದದ್ದನ್ನು ಪತ್ರಿಕೆಯಲ್ಲೇ ಹೇಳುತ್ತೇನೆ. ಇಲ್ಲಿ ಲೈನ್ ಕಟ್ ಆಗುವ ಭಯವಿಲ್ಲ. ನನ್ನ ದೂರು ಇಷ್ಟೇ: ತೀರಿಕೊಂಡ ನನ್ನ ಹೆಂಡತಿಯನ್ನು ನೀವು ದಿನಕ್ಕೆ ಹತ್ತು ಹದಿನೈದು ಸಲ ನಗಿಸುತ್ತಿದ್ದೀರಿ, ಅದೂ ಒಂದು ಹುಡುಗಿಯ ಅವಮಾನಕ್ಕೆ.

ನಮ್ಮ ಕೆಳಗಿನ ಮನೆಯ ಟೈಲರಮ್ಮನ ಮಗಳು ನಿಮ್ಮ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಅವಳಿಗೆ ಧೈರ್ಯವಾಗಲೆಂದು ನಾವಿಬ್ಬರೂ ಪ್ರೇಕ್ಷಕರಾಗಿ ಬಂದೆವು. ತಾಯಿ ಮಗಳು ವೇದಿಕೆಯ ಹಿಂದಿನ ಕೋಣೆಯಲ್ಲಿದ್ದರು. ಹಾಡು ಶುರುವಾಗುವ ಮೊದಲೇ, ಖಾಲಿ ವೇದಿಕೆಯ ಮುಂದೆ, ಹೆಡ್‌ಫೋನ್ ಸಿಕ್ಕಿಸಿಕೊಂಡ ನಿಮ್ಮವನೊಬ್ಬ ನಮ್ಮಿಂದ ಚಪ್ಪಾಳೆ, ಅಳು, ನಗು ಎಲ್ಲವನ್ನೂ ಸರದಿಯಂತೆ ವಸೂಲಿ ಮಾಡಿದ. "ಹಸಿರು ಶಾಲಿನ ಆಂಟಿ, ಇನ್ನೊಂಚೂರು ಜೋರಾಗಿ ನಗಿ!" ಹಸಿರು ಶಾಲು ಹೊದ್ದಿದ್ದ ನನ್ನವಳು ನನ್ನ ಕಿವಿಯಲ್ಲಿ, "ಏನಾಯ್ತೂಂತ ನಗ್ಬೇಕ್ರೀ?" ಎಂದಳು. "ನಗ್ದಿದ್ರೆ ಊಟ ಕೊಡಲ್ವಂತೆ ಕಣೇ," ಎಂದೆ. ಆಗ ನಕ್ಕಳು ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡು. ಆ ನಗು ನನ್ನದು ಸ್ವಾಮಿ.

ಆಮೇಲೆ ಎತ್ತರದ ಸಾಲಿನಲ್ಲಿ ಹುಡುಗಿಯ ದನಿ ಒಡೆಯಿತು. ಗಂಟಲಿಗೆ ಎಣ್ಣೆ ಬಿಡಿಸಿಕೊಂಡು ಬಾ ಎಂದರು ತೀರ್ಪುಗಾರರು. ನಕ್ಕವರೂ ಆ ಮೂವರೇ. ನನ್ನವಳು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಉಗುರಿನ ಗುರುತು ಮನೆಗೆ ಬಂದರೂ ಹೋಗಿರಲಿಲ್ಲ. ಐದು ವಾರಕ್ಕೆ ಹೃದಯಾಘಾತವಾಗಿ ಹೋಗಿಬಿಟ್ಟಳು. ಅದಾದ ಮೇಲೆ ನಿಮ್ಮ ಕಾರ್ಯಕ್ರಮ ಬಂತು. ದನಿ ಒಡೆಯಿತು, ಜೋಕು ಬಿತ್ತು, ತಕ್ಷಣ ನನ್ನ ಹೆಂಡತಿಯ ನಗು! ಈಗ ಟೂತ್‌ಪೇಸ್ಟಿಗೂ ಸಾಬೂನಿಗೂ ನಡುವೆ ಅದೇ ತುಣುಕು ನಿಮ್ಮ ಜಾಹೀರಾತು: "ಮನೆಮಂದಿಯೆಲ್ಲ ನಗುವ ಭಾನುವಾರ!"

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನನ್ನವಳ ತಲೆ ಬಾಚುತ್ತಿದ್ದ ಟೈಲರಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿದಳು: "ಅಣ್ಣಾ, ಅಕ್ಕ ಯಾಕೆ ನಕ್ರು?"

ಇದ್ದದ್ದು ಇದ್ದ ಹಾಗೆ ಹೇಳಿದೆ.

"ಟೀವೀಲಿ ಕಣ್ಣಾರೆ ನೋಡಿದೀನಲ್ಲಣ್ಣ. ಹೋದೋರ ಮಾನ ಉಳಿಸೋಕೆ ಸುಳ್ಳು ಹೇಳ್ಬೇಡಿ."

ಹುಡುಗಿ ನನ್ನನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಅವಳು ಹಾಡುವುದು ಕೇಳಿ ಎರಡು ತಿಂಗಳಾಯಿತು.

ಹೀಗೆ ಇಲ್ಲದ ಸಾಕ್ಷಿ ಹೆಣೆಯುವುದಕ್ಕೆ ಇಂಗ್ಲಿಷಿನಲ್ಲೊಂದು ಪದವಿದೆ, ಬಿ.ಎ. ಎರಡನೇ ವರ್ಷದಲ್ಲಿ ಕಲಿತದ್ದು. 'ಫಾಲ್ಸ್ ಎವಿಡೆನ್ಸ್' ಅಲ್ಲ, ಇನ್ನೂ ಉದ್ದದ್ದು, 'ಫ್ಯಾಬ್ರಿ' ಏನೋ. ಹಾಳಾಗಲಿ. ಜನಕ್ಕೆ ಇಷ್ಟ ಎನ್ನುತ್ತೀರಲ್ಲ, ಯಾವ ಜನಕ್ಕೆ? ನಾವು ಸಭೆಯವರು ಆ ಜೋಕಿಗೆ ನಿಜಕ್ಕೂ ನಕ್ಕಿದ್ದರೆ ಹಳೆಯ ನಗು ತಂದು ಅಂಟಿಸುವ ಶ್ರಮ ನಿಮಗೇಕೆ ಬೇಕಿತ್ತು? ಪರದೆಯಲ್ಲಿ ನಗುವವರನ್ನು ಕಂಡು ಮನೆಯಲ್ಲಿ ಕೂತವರು ನಗುತ್ತಾರೆ. ಅವರು ನಕ್ಕರೆಂದು ನೀವು ಇನ್ನೊಬ್ಬ ಹುಡುಗಿಯನ್ನು ಹುಡುಕುತ್ತೀರಿ. ಇದೇ ಅಲ್ಲವೇ ನಿಮ್ಮ 'ಮಾಸ್ ಅಪೀಲ್'?

ಆ ತುಣುಕನ್ನು ಇವತ್ತೇ ನಿಲ್ಲಿಸಿ. ಬರುವ ಭಾನುವಾರ, ಅದೇ ಹೊತ್ತಿಗೆ, ಆ ನಗು ಮೊದಲೇ ಚಿತ್ರೀಕರಿಸಿದ್ದೆಂದು ನಿಮ್ಮ ಬಾಯಿಂದಲೇ ಹೇಳಿ. ದನಿ ಒಡೆದಾಗ ನನ್ನವಳು ಹೇಗೆ ಕೂತಿದ್ದಳೆಂಬುದು ನಿಮ್ಮ ಯಾವುದಾದರೊಂದು ಕ್ಯಾಮೆರಾದಲ್ಲಿ ಇದ್ದೇ ಇರುತ್ತದೆ. ಮೂರನೇ ಸಾಲು, ಎಡದಿಂದ ಎರಡನೆಯವಳು. ಅದರದೊಂದು ಪ್ರತಿ ಕೊಡಿ. ಹಿಡಿದುಕೊಂಡು ಕೆಳಗಿಳಿದು ಅವರ ಬಾಗಿಲು ತಟ್ಟುತ್ತೇನೆ.

ಹೇಳುವುದು ಇನ್ನೂ ಇತ್ತು. ಆದರೆ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ, ಬರೆದದ್ದು ನನಗೇ ಕಾಣುತ್ತಿಲ್ಲ.

ಇಂತಿ,
ಕೆಳಗಿನ ಮನೆಯವರು ನಂಬದ ಒಬ್ಬನೇ ಸಾಕ್ಷಿ